ಯೆಮೆನ್‌ನ ಮೋಕಾ ಕಾಫಿ: ಆರಿಸಿ, ಹುರಿದು, ಕುಡಿಯುವ ಬಗೆ

ಕಾಫಿ ನಮ್ಮ ನಾಡಿಗೆ ಹೇಗೆ ಬಂತು ಅಂತ ಕೇಳಿದರೆ ಚಿಕ್ಕಮಗಳೂರಿನಲ್ಲಿ ಶಾಲೆ ಮಕ್ಕಳೂ ಬಾಬಾ ಬುಡನ್ ಕಥೆ ಹೇಳುತ್ತಾರೆ. 17ನೇ ಶತಮಾನದಲ್ಲಿ ಹಜ್ ಯಾತ್ರೆಗೆ ಹೋಗಿದ್ದವರು ಯೆಮೆನ್‌ನ ಮೋಕಾ ಬಂದರಿನಿಂದ ಏಳು ಬೀಜ ಬಚ್ಚಿಟ್ಟುಕೊಂಡು ಬಂದರು, ಚಂದ್ರದ್ರೋಣದ ಬೆಟ್ಟದಲ್ಲಿ ಬಿತ್ತಿದರು ಅನ್ನುವ ಕಥೆ. ಕಥೆ ಎಲ್ಲರಿಗೂ ಗೊತ್ತು. ಆದರೆ ಯೆಮೆನ್‌ನ ಬೆಟ್ಟಗಳಲ್ಲಿ ಆ ಕಾಫಿ ಇವತ್ತಿಗೂ ಬೆಳೆಯುತ್ತಿದೆ, ಅದನ್ನು ನಾವೂ ಕುಡಿದು ನೋಡಬಹುದು ಅನ್ನುವುದು ಅಷ್ಟಾಗಿ ಯಾರ ತಲೆಗೂ ಬರುವುದಿಲ್ಲ.

ಮನೆಯವರು ಯಾರಾದರೂ ದುಬೈ, ರಿಯಾದ್, ದೋಹಾದಲ್ಲಿದ್ದರೆ ತರಿಸಿಕೊಳ್ಳುವುದು ಸುಲಭ. ಇಲ್ಲದಿದ್ದರೆ ಒಳ್ಳೆಯ ಕಾಫಿ ಹುರಿಯುವ ಕೆಲವರು ಆಗಾಗ ತರಿಸಿ ಮಾರುತ್ತಾರೆ. ಬೆಲೆ ಜಾಸ್ತಿ. ಅಷ್ಟು ದುಡ್ಡು ಕೊಟ್ಟು ತಂದ ಮೇಲೆ ಚಿಕೋರಿ ಬೆರೆಸಿ, ಹಾಲು ಸುರಿದು, ಎರಡು ಚಮಚ ಸಕ್ಕರೆ ಹಾಕಿ ಕುಡಿದರೆ ಸುಮ್ನೆ ದುಡ್ಡು ದಂಡ. ಹಾಲು, ಚಿಕೋರಿ, ಕಪ್ಪಗೆ ಹುರಿಯುವ ಅಭ್ಯಾಸ, ಈ ಮೂರನ್ನೂ ಇದೊಂದು ಕಾಫಿಯ ಮಟ್ಟಿಗೆ ಬದಿಗಿಡಬೇಕು. ಫಿಲ್ಟರ್ ಕಾಫಿ ನನಗೂ ದಿನಕ್ಕೆರಡು ಸಲ ಬೇಕು, ಅದರ ಮೇಲೆ ನನಗೇನೂ ಕೋಪವಿಲ್ಲ. ಇದರ ರುಚಿ ಇರುವುದು ಮಾತ್ರ ಬೇರೆ ಕಡೆ.

ಇದು ಯಾವ ಕಾಫಿ

ಅರೇಬಿಕಾ ಗಿಡ ಹುಟ್ಟಿದ್ದು ಅರೇಬಿಯಾದಲ್ಲಲ್ಲ, ಇಥಿಯೋಪಿಯಾದ ನೈಋತ್ಯ ಭಾಗದ ಕಾಡಿನಲ್ಲಿ. ಆದರೆ ಅದನ್ನು ಬೆಟ್ಟದಲ್ಲಿ ಬೆಳೆಯಾಗಿ ಹಾಕಿ, ಕುದಿಸಿ ಕುಡಿದು, ಲೋಕಕ್ಕೆಲ್ಲ ಮಾರಿದವರು ಕೆಂಪು ಸಮುದ್ರದ ಆಚೆ ದಡದ ಯೆಮೆನಿಗಳು. 15ನೇ ಶತಮಾನದ ಹೊತ್ತಿಗೆ ಅಲ್ಲಿನ ಸೂಫಿಗಳು ರಾತ್ರಿಯಿಡೀ ನಡೆಯುವ ಪ್ರಾರ್ಥನೆಯಲ್ಲಿ ನಿದ್ದೆ ಹತ್ತದಿರಲಿ ಅಂತ ಕಾಫಿ ಕುಡಿಯುತ್ತಿದ್ದರು. ಕೈರೋದಲ್ಲಿದ್ದ ಯೆಮೆನಿ ಸೂಫಿಗಳ ಬಗ್ಗೆ 16ನೇ ಶತಮಾನದ ಬರಹವೊಂದಿದೆ. ವಾರಕ್ಕೆರಡು ರಾತ್ರಿ ಅವರು ಸೇರುತ್ತಿದ್ದರು. ಕೆಂಪು ಮಣ್ಣಿನ ದೊಡ್ಡ ಪಾತ್ರೆಯಲ್ಲಿ ಕಾಫಿ ಇರುತ್ತಿತ್ತು. ಗುಂಪಿನ ಹಿರಿಯರು ಸಣ್ಣ ಸೌಟಿನಲ್ಲಿ ತೋಡಿ, ಬಲಗಡೆ ಕೂತವರಿಂದ ಶುರುಮಾಡಿ ಒಬ್ಬೊಬ್ಬರಿಗೆ ಕೊಡುತ್ತಿದ್ದರು.

ಮೆಕ್ಕಾ ತಲುಪಿದಾಗ ಜಗಳ ಹತ್ತಿತು. 1511ರಲ್ಲಿ ಅಲ್ಲಿನ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ. ನಿಷೇಧ ಬಹಳ ದಿನ ಬಾಳಲಿಲ್ಲ. 1550ರ ದಶಕಕ್ಕೆ ಇಸ್ತಾಂಬುಲ್‌ನಲ್ಲೇ ಕಾಫಿ ಅಂಗಡಿಗಳು ಬಾಗಿಲು ತೆರೆದಿದ್ದವು.

ಮೋಕಾ ಅನ್ನುವುದು ಗಿಡದ ಹೆಸರಲ್ಲ, ಬಂದರಿನ ಹೆಸರು. ಅಲ್ಲಿ ಸುಡು ಬಿಸಿಲು, ಮರಳು. ಒಂದು ಕಾಫಿ ಗಿಡವೂ ಬೆಳೆಯುವುದಿಲ್ಲ. ಬೆಟ್ಟದ ಮೇಲಿನ ಕಾಫಿ ಬೈತ್ ಅಲ್-ಫಕೀಹ್ ಅನ್ನುವ ಸಂತೆ ಊರಿಗೆ ಇಳಿದು, ಅಲ್ಲಿ ವ್ಯಾಪಾರ ಕುದುರಿ, ಬಂದರಿಗೆ ಹೋಗುತ್ತಿತ್ತು. ಮೋಕಾದ ದಲ್ಲಾಳಿಗಳಲ್ಲಿ, ಹಣ ಬದಲಾಯಿಸುವವರಲ್ಲಿ ಗುಜರಾತಿನ ಬನಿಯಾಗಳು ಬಹಳ ಮಂದಿ ಇದ್ದರು. ನಮ್ಮ ದೇಶದ ಬಟ್ಟೆ ಅಲ್ಲಿಗೆ ಹೋಗುತ್ತಿತ್ತು. ಡಚ್ಚರು, ಇಂಗ್ಲಿಷರು, ಫ್ರೆಂಚರು ಬಂದಾಗಲೂ ಇವರನ್ನು ಬಿಟ್ಟು ವ್ಯಾಪಾರ ಸಾಗುತ್ತಿರಲಿಲ್ಲ.

ಮೊಳೆಯುವ ಬೀಜ ಹೊರಗೆ ಹೋಗಬಾರದು ಅಂತ ಬೀಜವನ್ನು ಬೇಯಿಸಿಯೋ ಹುರಿದೋ ಕಳಿಸುತ್ತಿದ್ದರಂತೆ. ಆದರೂ ಹೋಯಿತು. 1690ರ ದಶಕದಲ್ಲಿ ಡಚ್ಚರು ಜಾವಾದಲ್ಲಿ ಕಾಫಿ ತೋಟ ಹಾಕಿದಾಗ ಸಸಿ ಹೋಗಿದ್ದು ನಮ್ಮ ಮಲಬಾರ್ ಕರಾವಳಿಯಿಂದ. ಯೆಮೆನ್‌ನಿಂದ ಮಲಬಾರಿಗೆ, ಅಲ್ಲಿಂದ ಜಾವಾಕ್ಕೆ, ಜಾವಾದಿಂದ ಆಮ್ಸ್ಟರ್‌ಡ್ಯಾಮಿಗೆ, ಆಮೇಲೆ ಅಮೆರಿಕ ಖಂಡಕ್ಕೆ. ಟಿಪಿಕಾ ಅನ್ನುವ ತಳಿಯ ದಾರಿ ಇದು. ಇನ್ನೊಂದು ದೊಡ್ಡ ತಳಿ ಬರ್ಬನ್. ಅದು 1715ರಲ್ಲಿ ಫ್ರೆಂಚರು ಯೆಮೆನ್‌ನಿಂದ ನೇರವಾಗಿ ಬರ್ಬನ್ ದ್ವೀಪಕ್ಕೆ, ಈಗಿನ ರಿಯೂನಿಯನ್‌ಗೆ, ಒಯ್ದ ಗಿಡಗಳಿಂದ ಬಂದದ್ದು. ಬ್ರೆಜಿಲ್, ಕೊಲಂಬಿಯಾದ ಹಳೆಯ ಅರೇಬಿಕಾ ತೋಟಗಳ ಬೇರು ಹುಡುಕುತ್ತಾ ಹೋದರೆ ಯೆಮೆನ್‌ನ ಬೆಟ್ಟಕ್ಕೇ ಬಂದು ನಿಲ್ಲುತ್ತೀರಿ. ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಕೊಟ್ಟ ಎಸ್. 795 ತಳಿಯಲ್ಲಿ ಕೆಂಟ್ ತಳಿಯ ರಕ್ತ ಇದೆ. ಆ ಕೆಂಟ್ ಕೂಡ ಇದೇ ಟಿಪಿಕಾ ಸಂತತಿ.

ಜಾವಾ, ಅಮೆರಿಕದ ಕಾಫಿ ಮಾರುಕಟ್ಟೆ ತುಂಬಿದ ಮೇಲೆ ಮೋಕಾ ಸೊರಗಿತು. 1839ರಲ್ಲಿ ಬ್ರಿಟಿಷರು ಏಡನ್ ಹಿಡಿದರು, ವ್ಯಾಪಾರ ಅತ್ತ ಸರಿಯಿತು. ಈಗ ಮೋಕಾ ಒಂದು ಸಣ್ಣ ಊರು.

ರುಚಿ ಎಲ್ಲಿಂದ ಬರುತ್ತದೆ

ಇದನ್ನು ಅರ್ಥ ಮಾಡಿಕೊಂಡರೆ ಮುಂದಿನ ಕೆಲಸವೆಲ್ಲ ಸಲೀಸು.

ಹರಾಝ್, ಬನಿ ಮತರ್, ಹೈಮಾ, ಯಾಫಿ, ಇಬ್. ಯೆಮೆನ್‌ನ ಹೆಸರಾಂತ ಕಾಫಿ ಸೀಮೆಗಳು ಇವು. ಸಮುದ್ರಮಟ್ಟದಿಂದ ಸುಮಾರು 1500 ಮೀಟರಿನಿಂದ 2300 ಮೀಟರ್ ಎತ್ತರದವರೆಗೂ ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಹೊಲಗಳಲ್ಲಿ ಗಿಡ ಇರುತ್ತದೆ. ಮುಳ್ಳಯ್ಯನಗಿರಿಯ ತುದಿಯೇ 1930 ಮೀಟರ್. ಅದಕ್ಕಿಂತ ಮೇಲೆ ಅಲ್ಲಿ ಕಾಫಿ ತೋಟ! ಮಲೆನಾಡಿನ ಮಳೆ ಅಲ್ಲಿಲ್ಲ, ದಟ್ಟ ನೆರಳೂ ಇಲ್ಲ. ನೀರಿಗೆ ಬರ. ಹಾಗಾಗಿ ಗಿಡ ನಿಧಾನವಾಗಿ ಬೆಳೆಯುತ್ತದೆ. ಫಸಲು ಕಡಿಮೆ, ಕಾಳು ಸಣ್ಣ, ಗಟ್ಟಿ.

ನೀರಿಲ್ಲದ ಕಡೆ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ ತೊಳೆಯುವ ಮಾತೇ ಇಲ್ಲ. ಕೆಂಪಗೆ ಮಾಗಿದ ಹಣ್ಣನ್ನು ಕೈಯಲ್ಲಿ ಬಿಡಿಸಿ ಮನೆಯ ಮಾಳಿಗೆ ಮೇಲೆ ಹರಡುತ್ತಾರೆ. ಮಣ್ಣಿನ ಬಣ್ಣದ ಎತ್ತರದ ಕಲ್ಲುಮನೆಗಳು, ತಲೆ ಮೇಲೆ ಕೆಂಪು ಹಣ್ಣಿನ ಹಾಸು. ಬಿಸಿಲಿಗೆ ಹಣ್ಣು ದಿನದಿಂದ ದಿನಕ್ಕೆ ಸುಕ್ಕುಗಟ್ಟಿ, ಕಂದಾಗಿ, ಕಪ್ಪಾಗಿ, ಕೊನೆಗೆ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಇಷ್ಟು ದಿನವೂ ಬೀಜ ಆ ಸಿಹಿ ತಿರುಳಿನ ಒಳಗೇ ಇರುತ್ತದೆ. ತಿರುಳು ಸ್ವಲ್ಪ ಹುಳಿಯುತ್ತದೆ, ಆ ಘಮ ಬೀಜಕ್ಕೆ ಹಿಡಿಯುತ್ತದೆ. ಒಣಗಿದ ಮೇಲೂ ಸಿಪ್ಪೆ ಸುಲಿಯದೆ ಮನೆಯಲ್ಲಿ ಇಟ್ಟುಕೊಂಡು, ದುಡ್ಡಿನ ಅಗತ್ಯ ಬಿದ್ದಾಗ ಸ್ವಲ್ಪ ಸ್ವಲ್ಪವೇ ಮಾರುವ ರೈತರೂ ಇದ್ದಾರೆ.

ನಮ್ಮ ಪ್ಲಾಂಟರ್‌ಗಳಿಗೆ ಇದು ಹೊಸದೇನಲ್ಲ. ನಾವು ಅರೇಬಿಕಾ ಚೆರ್ರಿ ಅನ್ನುವುದು ಇದನ್ನೇ. ಆದರೆ ನಮ್ಮಲ್ಲಿ ಒಳ್ಳೆಯ ಹಣ್ಣೆಲ್ಲ ತಿರುಳು ತೆಗೆದು ತೊಳೆದು ಒಣಗಿಸುವ ಪಾರ್ಚ್‌ಮೆಂಟ್‌ಗೆ ಹೋಗಿ, ಹಸಿರುಕಾಯಿ, ಉದುರಿದ್ದು, ಉಳಿದದ್ದು ಚೆರ್ರಿಗೆ ಬೀಳುತ್ತಿತ್ತು. ಅದಕ್ಕೇ ಚೆರ್ರಿ ಅಂದರೆ ಎರಡನೇ ದರ್ಜೆ ಅನ್ನುವ ಭಾವನೆ ಬಂದುಬಿಟ್ಟಿದೆ. ಮಾಗಿದ ಹಣ್ಣನ್ನೇ ಆರಿಸಿ ಚೆರ್ರಿ ಮಾಡಿದರೆ ಎಂಥ ರುಚಿ ಬರುತ್ತದೆ ಅನ್ನುವುದಕ್ಕೆ ಯೆಮೆನ್ ಕಾಫಿಯೇ ಸಾಕ್ಷಿ.

ಬಾಯಲ್ಲಿ ಏನು ಸಿಗುತ್ತದೆ? ಮೊದಲು ಒಣದ್ರಾಕ್ಷಿ, ಖರ್ಜೂರದ ಸಿಹಿ. ಜೊತೆಗೆ ದ್ರಾಕ್ಷಿ ವೈನ್‌ನ ಹುಳಿ. ನಡುವೆ ಚಕ್ಕೆ, ಲವಂಗ ನೆನಪಿಸುವ ಒಂದು ಎಳೆ. ನುಂಗಿದ ಮೇಲೆ ಕೋಕೋದಂಥ ಕಹಿ ನಾಲಿಗೆ ಮೇಲೆ ಉಳಿಯುತ್ತದೆ. ಒಂದೊಂದು ಸಲ ಮಣ್ಣಿನ ವಾಸನೆಯೂ ಇರುತ್ತದೆ. ಒಂದು ಚೀಲದ ಹಾಗೆ ಇನ್ನೊಂದು ಚೀಲ ಇರುವುದಿಲ್ಲ, ಯಾಕೆಂದರೆ ಉದೈನಿ, ದವಾಯಿರಿ, ತುಫ್ಫಾಹಿ, ಜಅದಿ ಅಂತ ಹಲವು ನಾಟಿ ಬಗೆಗಳು ಒಂದೇ ಹೊಲದಲ್ಲಿ ಬೆರೆತಿರುತ್ತವೆ. ನನಗೆ ಅದೇ ಇಷ್ಟ.

ಕೊಳ್ಳುವಾಗ ಏನು ನೋಡಬೇಕು

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ, ಇಲ್ಲಿ ಮೋಸ ಹೋಗುವವರು ಬಹಳ. ಕೆಫೆಗಳಲ್ಲಿ ಸಿಗುವ ಮೋಕಾ ಚಾಕೊಲೇಟ್ ಬೆರೆಸಿದ ಹಾಲು ಕಾಫಿ. ಇಟಲಿಯ ಮೋಕಾ ಪಾಟ್ ಒಂದು ಪಾತ್ರೆ. ಮೋಕಾ-ಜಾವಾ ಅನ್ನುವುದು ಬೆರಕೆ ಪುಡಿ, ಅದರಲ್ಲಿ ಈಗ ಯೆಮೆನ್ ಬೀಜ ಇದ್ದೇ ಇರುತ್ತದೆ ಅನ್ನುವ ಹಾಗಿಲ್ಲ. ಇಥಿಯೋಪಿಯಾದ ಹರಾರ್ ಕಾಫಿಯನ್ನೂ ಮೋಕಾ ಅಂತ ಮಾರುತ್ತಾರೆ. ಅದೂ ಒಳ್ಳೆಯದೇ, ಆದರೆ ಇದಲ್ಲ.

ಪೊಟ್ಟಣದ ಮೇಲೆ ಯೆಮೆನ್ ಅಂತ ಮಾತ್ರ ಬರೆದಿದ್ದರೆ ಸಾಲದು. ಸೀಮೆಯ ಹೆಸರು ಇರಬೇಕು: ಹರಾಝಿ, ಮತರಿ, ಇಸ್ಮಾಯಿಲಿ, ಯಾಫಿ ಹೀಗೆ. ಯಾವ ವರ್ಷದ ಫಸಲು, ಯಾವತ್ತು ಹುರಿದದ್ದು ಅಂತಲೂ ಇದ್ದರೆ ಇನ್ನೂ ಒಳ್ಳೆಯದು. ಬೆಲೆ ತೀರಾ ಕಡಿಮೆ ಇದ್ದರೆ ಅನುಮಾನಪಡಿ. ಅಲ್ಲಿ ಫಸಲೇ ಕಡಿಮೆ. ಬೇಗ ದುಡ್ಡು ಬರುತ್ತದೆ ಅಂತ ಎಷ್ಟೋ ರೈತರು ಕಾಫಿ ಕಿತ್ತು ಮತ್ತಿಗಾಗಿ ಜಗಿಯುವ ಖಾತ್ ಸೊಪ್ಪು ಹಾಕಿದ್ದಾರೆ. ಅದರ ಮೇಲೆ ವರ್ಷಗಟ್ಟಲೆ ಯುದ್ಧ. ಇಷ್ಟೆಲ್ಲದರ ನಡುವೆ ಬೆಟ್ಟದಿಂದ ಇಳಿದು ಹಡಗು ಹತ್ತುವ ಕಾಫಿ ಅಗ್ಗವಾಗುವುದಾದರೂ ಹೇಗೆ?

ಗಲ್ಫ್‌ನಲ್ಲಿದ್ದರೆ ಸೂಪರ್‌ಮಾರ್ಕೆಟ್‌ನ ಪುಡಿ ಬಿಟ್ಟು ಮಹ್ಮಸಕ್ಕೆ ಹೋಗಿ. ಕಾಫಿ ಹುರಿದು ತೂಕದ ಮೇಲೆ ಮಾರುವ ಅಂಗಡಿ ಅದು. ಬುನ್ ಯಮನಿ, ಅಂದರೆ ಯೆಮೆನ್ ಕಾಫಿ, ಅಂತ ಕೇಳಿ. ಸೌದಿಯಲ್ಲಿ ಖೌಲಾನಿ ಅನ್ನುವ ಕಾಫಿಯ ಹೆಸರೂ ಕೇಳಿಬರುತ್ತದೆ. ಅದನ್ನು ಯೆಮೆನ್ ಗಡಿಗೆ ತಾಗಿದ ಜಝಾನ್ ಬೆಟ್ಟಗಳಲ್ಲೂ ಬೆಳೆಯುತ್ತಾರೆ. ಆ ಬೇಸಾಯದ ತಿಳಿವಳಿಕೆಯನ್ನು ಯುನೆಸ್ಕೋ 2022ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಳು ಕೈಗೆ ಹಾಕಿಸಿಕೊಂಡು ನೋಡಿ. ಸಣ್ಣ, ದುಂಡನೆಯ, ಒಂದೇ ಅಳತೆಗೆ ಇಲ್ಲದ ಕಾಳು ಇದ್ದರೆ ಗಾಬರಿಯಾಗಬೇಡಿ, ಇದರ ಲಕ್ಷಣವೇ ಅದು. ಎಣ್ಣೆ ಮಿಂಚುವಷ್ಟು ಕಪ್ಪಗೆ ಹುರಿದದ್ದನ್ನು ಮಾತ್ರ ಬಿಟ್ಟುಬಿಡಿ. ಊರಿಗೆ ತರುವವರು ಹುರಿದ ಕಾಳನ್ನೇ ತನ್ನಿ. ಹುರಿಯದ ಹಸಿ ಬೀಜ ದೇಶದೊಳಗೆ ತರುವುದಕ್ಕೆ ಸಸ್ಯ ಕ್ವಾರಂಟೈನ್ ನಿಯಮಗಳಿವೆ. ನಮ್ಮ ತೋಟಗಳಿಗೆ ಹೊರಗಿನ ರೋಗ, ಹುಳ ಬಾರದಿರಲಿ ಅಂತ ಮಾಡಿರುವ ನಿಯಮ ಅದು, ದಯವಿಟ್ಟು ಪಾಲಿಸಿ.

ಮನೆಯಲ್ಲೇ ಹುರಿಯುವುದಾದರೆ

ಹೊರದೇಶದಲ್ಲಿದ್ದು ಹಸಿ ಬೀಜ ಸಿಕ್ಕವರಿಗೆ, ಇಲ್ಲಿದ್ದು ಒಳ್ಳೆಯ ಚಿಕ್ಕಮಗಳೂರು ಅರೇಬಿಕಾ ಚೆರ್ರಿ ಹುರಿದು ನೋಡಬೇಕು ಅನ್ನುವವರಿಗೆ ಈ ಭಾಗ. ದಪ್ಪ ತಳದ ಬಾಣಲೆ ಸಾಕು. ಕಿಟಕಿ ತೆಗೆದಿಡಿ, ಹೊಗೆ ಬರುತ್ತದೆ.

ಒಂದು ಸಲಕ್ಕೆ 100 ಗ್ರಾಂಗಿಂತ ಜಾಸ್ತಿ ಬೇಡ. ಮೊದಲು ತಟ್ಟೆಯಲ್ಲಿ ಹರಡಿ ಕಲ್ಲು, ಕಡ್ಡಿ, ಕಪ್ಪು ಕಾಳು, ಹುಳ ಕೊರೆದ ಕಾಳು ಆರಿಸಿ ತೆಗೆಯಿರಿ. ಬಾಣಲೆ ಚೆನ್ನಾಗಿ ಕಾದ ಮೇಲೆ ಮಧ್ಯಮ ಉರಿಗೆ ತಂದು ಬೀಜ ಹಾಕಿ. ಕೈ ನಿಲ್ಲಿಸದೆ ಕೈಯಾಡಿಸುತ್ತಿರಬೇಕು. ನಾಲ್ಕೈದು ನಿಮಿಷಕ್ಕೆ ಕಾಳು ಹಳದಿಯಾಗುತ್ತದೆ, ಒಣಹುಲ್ಲಿನ ವಾಸನೆ ಬರುತ್ತದೆ. ಆಮೇಲೆ ಅದು ಬ್ರೆಡ್ ಸುಟ್ಟಂಥ ವಾಸನೆಗೆ ತಿರುಗುತ್ತದೆ. ಒಂಬತ್ತು ಹತ್ತು ನಿಮಿಷದ ಹೊತ್ತಿಗೆ ಚಟ್ ಚಟ್ ಅಂತ ಸಿಡಿಯುವ ಸದ್ದು ಶುರುವಾಗುತ್ತದೆ. ನಿಮ್ಮ ಒಲೆ, ಬಾಣಲೆ ನೋಡಿಕೊಂಡು ಸಮಯ ಹೆಚ್ಚುಕಡಿಮೆ ಆದೀತು. ಗಡಿಯಾರಕ್ಕಿಂತ ಕಿವಿ, ಮೂಗು ನಂಬಿ.

ಸಿಡಿಯಲು ಶುರುವಾಗಿ ಒಂದು, ಒಂದೂವರೆ ನಿಮಿಷಕ್ಕೆ ಇಳಿಸಿಬಿಡಿ. ಕಾಳಿನ ಬಣ್ಣ ಹಾಲಿಲ್ಲದ ಚಾಕೊಲೇಟ್‌ಗಿಂತ ತಿಳಿಯಾಗಿರಬೇಕು, ಮೈಮೇಲೆ ಎಣ್ಣೆ ಕಾಣಬಾರದು. ಇನ್ನೂ ಸ್ವಲ್ಪ ಹೊತ್ತು ಇಡೋಣ ಅಂತ ಮನಸ್ಸು ಎಳೆಯುತ್ತದೆ. ಬೇಡ. ಹಣ್ಣಿನ ರುಚಿ ಸುಟ್ಟುಹೋಗುವುದು ಆ ಕೊನೆಯ ಎರಡು ನಿಮಿಷದಲ್ಲೇ. ತಕ್ಷಣ ಮೊರಕ್ಕೆ ಸುರಿದು ಕೇರಿ, ಕಾಳೂ ಆರುತ್ತದೆ, ಹೊಟ್ಟೂ ಹಾರುತ್ತದೆ. ಚೆರ್ರಿ ಕಾಫಿಯಲ್ಲಿ ಬಣ್ಣ ಎಲ್ಲ ಕಾಳಿಗೂ ಒಂದೇ ಸಮ ಬರುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 100 ಗ್ರಾಂ ಹಾಕಿದರೆ ಹೆಚ್ಚುಕಡಿಮೆ 85 ಗ್ರಾಂ ಸಿಗುತ್ತದೆ. ಮೂರು ನಾಲ್ಕು ದಿನ ಡಬ್ಬದಲ್ಲಿಟ್ಟು ಆಮೇಲೆ ಪುಡಿ ಮಾಡಿ.

ಮೊದಲ ಲೋಟ

ಮನೆಯಲ್ಲಿರುವ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್ ಸಾಕು. ಪುಡಿ ಮಾತ್ರ ದಿನದ ಕಾಫಿಗಿಂತ ಸ್ವಲ್ಪ ತರಿಯಾಗಿರಲಿ, ಸಣ್ಣ ರವೆಯಷ್ಟು. 20 ಗ್ರಾಂ ಪುಡಿ ಹಾಕಿ, ಒತ್ತಬೇಡಿ, ಸುಮ್ನೆ ಸಮ ಮಾಡಿ. ನೀರು ಕುದಿದ ಮೇಲೆ ಒಲೆ ಆರಿಸಿ ಒಂದು ನಿಮಿಷ ಬಿಡಿ. ಮೊದಲು ಪುಡಿ ನೆನೆಯುವಷ್ಟು ನೀರು ಹಾಕಿ ಅರ್ಧ ನಿಮಿಷ ಕಾಯಿರಿ. ಆಮೇಲೆ ಸುತ್ತಲೂ ನಿಧಾನವಾಗಿ ಸುರಿಯಿರಿ, ಒಟ್ಟು 130 ಮಿಲಿ. ಇಳಿದ ಡಿಕಾಕ್ಷನ್‌ಗೆ ಹಾಲಿನ ಬದಲು ಬಿಸಿನೀರು ಬೆರೆಸಿ. ಡಿಕಾಕ್ಷನ್‌ನಷ್ಟೇ ನೀರಿನಿಂದ ಶುರುಮಾಡಿ, ಗಡುಸಾಯಿತು ಅನ್ನಿಸಿದರೆ ಇನ್ನಷ್ಟು ಸೇರಿಸಿ. ಕಾಗದದ ಫಿಲ್ಟರ್ ಇದ್ದವರು 15 ಗ್ರಾಂ ಪುಡಿಗೆ 240 ಮಿಲಿ ನೀರು ಹಿಡಿಯಿರಿ, ಮೂರು ನಿಮಿಷದಲ್ಲಿ ಇಳಿದು ಮುಗಿಯಬೇಕು. ಈ ಕಾಫಿಗೆ ನನ್ನ ಮತ ಕಾಗದದ ಫಿಲ್ಟರಿಗೇ. ರುಚಿ ಸ್ವಚ್ಛವಾಗಿ ಬಿಡಿಬಿಡಿಯಾಗಿ ತಿಳಿಯುತ್ತದೆ.

ನೀರಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಹುಳಿಯೆಲ್ಲ ಸತ್ತು ಕಾಫಿ ಸಪ್ಪೆಯಾಗುತ್ತದೆ. ಹಾಗಂತ ಖನಿಜವೇ ಉಳಿಯದ ಹಾಗೆ ಸೋಸಿದ ಆರ್‌ಒ ನೀರೂ ಸರಿಯಲ್ಲ. ಎರಡನ್ನೂ ಸ್ವಲ್ಪ ಬೆರೆಸಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಬಿಸಿಬಿಸಿಯಾಗಿ ಒಂದೇ ಗುಟುಕಿಗೆ ಮುಗಿಸಬೇಡಿ. ತುಸು ಆರಿದ ಮೇಲೆಯೇ ದ್ರಾಕ್ಷಿ, ಖರ್ಜೂರ ಮೇಲೆ ಬರುವುದು. ಸಿಹಿ ಬೇಕೇ ಬೇಕು ಅನ್ನುವವರು ಸಕ್ಕರೆ ಬಿಟ್ಟು ಪಕ್ಕದಲ್ಲಿ ಎರಡು ಖರ್ಜೂರ ಇಟ್ಟುಕೊಳ್ಳಿ.

ಗಲ್ಫ್ ಮನೆಗಳ ಗಹ್ವಾ

ಅರಬರ ಮನೆಯಲ್ಲಿ ಕೊಡುವುದು ಬೇರೆಯೇ ಪಾನೀಯ. ಹೊಂಬಣ್ಣ, ಏಲಕ್ಕಿ ಘಮ, ಚಹಾದಷ್ಟು ತೆಳು. ಕಾಳನ್ನು ಸಿಡಿಯುವ ಹೊತ್ತಿಗೇ ಇಳಿಸಿಬಿಟ್ಟಿರುತ್ತಾರೆ. ಮೊದಲ ಸಲ ಕುಡಿದವರು ಇದು ಕಾಫಿನಾ ಅಂತ ಕೇಳುವುದು ಮಾಮೂಲು.

ಅರ್ಧ ಲೀಟರ್ ನೀರು ಕುದಿಸಿ, ತಿಳಿಯಾಗಿ ಹುರಿದ ತರಿ ಪುಡಿ ಮೂರು ದೊಡ್ಡ ಚಮಚ ಹಾಕಿ. ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕುದಿಯಲಿ. ಇಳಿಸಿ ಐದು ನಿಮಿಷ ಬಿಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಇನ್ನೊಂದು ಪಾತ್ರೆಯಲ್ಲಿ ಆಗಷ್ಟೇ ಕುಟ್ಟಿದ ಏಲಕ್ಕಿ ಒಂದು ದೊಡ್ಡ ಚಮಚ, ನಾಲ್ಕು ಎಸಳು ಕೇಸರಿ ಇಟ್ಟುಕೊಂಡು, ಕಾಫಿಯನ್ನು ಅದರ ಮೇಲೆ ಸೋಸಿ. ಒಂದೆರಡು ನಿಮಿಷ ಸಣ್ಣಗೆ ಕಾಯಿಸಿ. ಸಕ್ಕರೆ ಇಲ್ಲ. ಏಲಕ್ಕಿ ನಮ್ಮ ಸಕಲೇಶಪುರದ ಕಡೆಯದಾದರೂ ಚೆನ್ನಾಗಿಯೇ ಒಗ್ಗುತ್ತದೆ.

ಕೊಡುವ ಕ್ರಮವೂ ಇದೆ. ದಲ್ಲಾ ಅನ್ನುವ ಕೊಕ್ಕಿನ ಪಾತ್ರೆ ಎಡಗೈಯಲ್ಲಿ, ಹಿಡಿಯಿಲ್ಲದ ಪುಟ್ಟ ಫಿಂಜಾನ್ ಬಟ್ಟಲು ಬಲಗೈಯಲ್ಲಿ. ಬಟ್ಟಲಿನ ಕಾಲು ಭಾಗ ಮಾತ್ರ ತುಂಬಿಸುತ್ತಾರೆ. ತುಂಬಾ ತುಂಬಿಸಿದರೆ ಬೇಗ ಎದ್ದು ಹೋಗಿ ಅಂದ ಹಾಗಾಗುತ್ತದೆ. ನೀವೂ ಬಲಗೈಯಲ್ಲೇ ತೆಗೆದುಕೊಳ್ಳಿ. ಸಾಕು ಅನ್ನಿಸಿದಾಗ ಖಾಲಿ ಬಟ್ಟಲನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ಕೊಡಿ. ಇಲ್ಲದಿದ್ದರೆ ಮತ್ತೆ ಮತ್ತೆ ಹಾಕುತ್ತಲೇ ಇರುತ್ತಾರೆ. ಈ ಅರೇಬಿಕ್ ಕಾಫಿಯ ಆತಿಥ್ಯವನ್ನು 2015ರಲ್ಲಿ ಯುಎಇ, ಸೌದಿ, ಒಮಾನ್, ಕತಾರ್ ಹೆಸರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದ್ದಾರೆ.

ಕಿಶ್ರ್: ಸಿಪ್ಪೆಯ ಕಷಾಯ

ಬೀಜ ಮಾರಾಟಕ್ಕೆ, ಸಿಪ್ಪೆ ಮನೆಗೆ. ಯೆಮೆನ್‌ನಲ್ಲಿ ಬಹುಕಾಲದಿಂದ ನಡೆದು ಬಂದದ್ದು ಹೀಗೆ. ಒಣಗಿದ ಕಾಫಿ ಹಣ್ಣಿನ ಸಿಪ್ಪೆಯನ್ನು ಶುಂಠಿ ಹಾಕಿ ಕುದಿಸಿದರೆ ಕಿಶ್ರ್. ಶುಂಠಿ ಕಷಾಯ ಕುಡಿದು ಬೆಳೆದ ನಮಗೆ ಇದು ಮೊದಲ ಗುಟುಕಿಗೇ ಹಿಡಿಸುತ್ತದೆ.

ಅರ್ಧ ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಸಿಪ್ಪೆ, ಒಂದು ಚಮಚ ಒಣಶುಂಠಿ ಪುಡಿ, ಬೆರಳಿನಷ್ಟು ಉದ್ದದ ಚಕ್ಕೆ. ಉಕ್ಕಿ ಬಂದಾಗ ಇಳಿಸಿ, ಮತ್ತೆ ಇಟ್ಟು, ಹೀಗೆ ಮೂರು ಸಲ. ಆಮೇಲೆ ಐದು ನಿಮಿಷ ಮುಚ್ಚಿಟ್ಟು ಸೋಸಿ. ಇದಕ್ಕೆ ಸಕ್ಕರೆ ಹಾಕಬಹುದು, ಅಲ್ಲಿಯೂ ಹಾಕುತ್ತಾರೆ. ಬೆಲ್ಲ ಇನ್ನೂ ಚೆನ್ನ ಅನ್ನುವುದು ನನ್ನ ಅನಿಸಿಕೆ.

ಸಿಪ್ಪೆ ಎಲ್ಲಿ ಸಿಗುತ್ತದೆ? ಚಿಕ್ಕಮಗಳೂರು, ಕೊಡಗಿನ ಕೆಲವು ತೋಟದವರು ಕ್ಯಾಸ್ಕರಾ ಹೆಸರಿನಲ್ಲಿ ಕುಡಿಯಲೆಂದೇ ಒಣಗಿಸಿ ಮಾರುತ್ತಾರೆ, ಅದನ್ನು ತನ್ನಿ. ಹಲ್ಲಿಂಗ್ ಮಿಲ್‌ನಲ್ಲಿ ರಾಶಿ ಬಿದ್ದಿರುವ ಹೊಟ್ಟನ್ನು ಮಾತ್ರ ಖಂಡಿತ ಬಳಸಬೇಡಿ. ಅದರಲ್ಲಿ ಧೂಳು, ಬೂಷ್ಟು, ಔಷಧಿ ಹೊಡೆದದ್ದು ಎಲ್ಲ ಸೇರಿರುತ್ತದೆ. ಅದು ಗೊಬ್ಬರಕ್ಕೆ ಸರಿ.

ಪಕ್ಕಪಕ್ಕ ಇಟ್ಟು ನೋಡಿ

ಯೆಮೆನ್ ಕಾಫಿ ಕೈಗೆ ಬಂದಾಗ ಅದೊಂದನ್ನೇ ಕುಡಿಯಬೇಡಿ. ನಮ್ಮ ತೋಟದ ಎಸ್. 795 ಚೆರ್ರಿ, ಅದೂ ಮಾಗಿದ ಹಣ್ಣನ್ನೇ ಆರಿಸಿ ಒಣಗಿಸಿದ್ದು, 100 ಗ್ರಾಂ ತಂದಿಟ್ಟುಕೊಳ್ಳಿ. ಎರಡೂ ಮಧ್ಯಮ ಹುರಿತದ್ದಾಗಿರಲಿ. ಎರಡು ಲೋಟಕ್ಕೆ 10 ಗ್ರಾಂನಂತೆ ತರಿ ಪುಡಿ ಹಾಕಿ, ತಲಾ 170 ಮಿಲಿ ಬಿಸಿನೀರು ಸುರಿದು ನಾಲ್ಕು ನಿಮಿಷ ಬಿಡಿ. ಮೇಲೆ ಕಟ್ಟಿದ ಪುಡಿಯನ್ನು ಚಮಚದಿಂದ ಒಡೆಯುವಾಗ ಮೂಗು ಹತ್ತಿರ ತನ್ನಿ, ಘಮ ಜೋರಾಗಿ ಬರುವುದು ಆಗಲೇ. ನೊರೆ ತೆಗೆದು, ಉಗುರುಬೆಚ್ಚಗಾದ ಮೇಲೆ ಚಮಚದಲ್ಲಿ ಎರಡನ್ನೂ ಒಂದಾದ ಮೇಲೊಂದು ಹೀರಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಯಾವ ಲೋಟದಲ್ಲಿ ಯಾವುದು ಅಂತ ಹೇಳದೆ ಕೊಡಿ. ಉಳಿದ ಕಾಳನ್ನು ಗಾಳಿಯಾಡದ ಡಬ್ಬದಲ್ಲಿ, ಫ್ರಿಜ್‌ನಿಂದ ಹೊರಗೆ, ಬಿಸಿಲು ತಾಗದ ಕಡೆ ಇಟ್ಟು ಒಂದು ತಿಂಗಳೊಳಗೆ ಮುಗಿಸಿ. ಪುಡಿಯನ್ನು ಮಾತ್ರ ಬೇಕಾದಷ್ಟು ಆಗಾಗಲೇ ಮಾಡಿಕೊಳ್ಳಿ.